ಅತ್ತೆ ಇಟ್ಟಿದ್ದ ಅವರೆ ಬೀಜ, ಐದು ತಿಂಗಳಾದರೂ ಹೂ ಬಿಟ್ಟಿಲ್ಲ. ಕೀಳಬೇಕಾ?

ತಾರಸಿ ತೋಟ, ಕುವೆಂಪುನಗರ
6 ಸೆಪ್ಟೆಂಬರ್

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ತಾರಸಿಯಲ್ಲಿ ದಂಟು, ಹರಿವೆ, ಬದನೆ, ಮೆಣಸಿನಕಾಯಿ ಎಲ್ಲ ಬೀಜ ಹಾಕಿಯೇ ಬೆಳೆಯುತ್ತಿದ್ದೇನೆ. ಅದರಲ್ಲಿ ಅಂಥ ತೊಂದರೆ ಇಲ್ಲ. ಈ ಸಲ ಅವರೆ ಹಾಕಿ ಸಿಕ್ಕಿಬಿದ್ದಿದ್ದೇನೆ.

ನಮ್ಮ ಅತ್ತೆ ಪಾಂಡವಪುರದ ಕಡೆಯವರು. ಹೋದ ವರ್ಷ ತೀರಿಕೊಂಡರು. ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು, ಒಳಗೆ ಬೂದಿ ಬೆರೆಸಿಟ್ಟ ಅವರೆ ಬೀಜ. ಎಷ್ಟು ವರ್ಷದ್ದೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಏಪ್ರಿಲ್ ಮೊದಲ ವಾರ ಅಷ್ಟನ್ನೂ ನೆನೆಸಿ ಬಿತ್ತಿದೆ, ಒಂದು ಹಿಡಿ ಇತ್ತು. ಹುಟ್ಟಿದ್ದು ಆರೇ ಗಿಡ. ಬಾಟಲಿಯಲ್ಲಿ ಈಗ ಒಂದು ಬೀಜವೂ ಇಲ್ಲ, ನಾನು ಸ್ವಲ್ಪ ಉಳಿಸಿಕೊಳ್ಳಬೇಕಿತ್ತು.

ನೀಲಿ ಡ್ರಮ್ ಅರ್ಧ ಮಾಡಿ, ಒಂದೊಂದರಲ್ಲಿ ಎರಡೆರಡು ಗಿಡ, ಒಟ್ಟು ಮೂರು ಡ್ರಮ್. ಬಳ್ಳಿ ಹಗ್ಗ ಹಿಡಿದು ಮೆಟ್ಟಿಲ ಕೋಣೆಯ ಮೇಲೆ ಹತ್ತಿ ಆ ಕಡೆ ಇಳಿದಿದೆ. ಎಲೆ ಅಂಗೈ ಅಗಲ, ಹಸಿರೋ ಹಸಿರು. ಹೂ ಮಾತ್ರ ಒಂದೂ ಇಲ್ಲ. 15 ದಿನಕ್ಕೊಮ್ಮೆ ಸಗಣಿ ಗೊಬ್ಬರ ಹಾಕುತ್ತೇನೆ, ನಡುವೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಹತ್ತಿರದ ನರ್ಸರಿಯಲ್ಲಿ ಕೇಳಿದಾಗ "ಅದು ಗಂಡು ಗಿಡ, ಕಾಯಿ ಬಿಡಲ್ಲ, ಕಿತ್ತು ಬೇರೆ ಹಾಕಿ" ಅಂದರು. ಮನೆಯವರೂ ಜಾಗ ಸುಮ್ನೆ ಹಾಳಾಗುತ್ತಿದೆ ಅನ್ನುತ್ತಾರೆ. ನನಗೆ ಕೀಳಲು ಕೈ ಬರುತ್ತಿಲ್ಲ. ಇದು ಹೋದರೆ ಅತ್ತೆಯ ಬೀಜ ಮುಗಿದ ಹಾಗೆ.

ಇನ್ನೊಂದು ಸಣ್ಣ ಪ್ರಶ್ನೆ. ಟೊಮೇಟೊ ಸಸಿ ಎರಡು ಎಲೆ ಬಂದ ಮೇಲೆ ಬುಡದಲ್ಲಿ ಸಣ್ಣಗಾಗಿ ಬಿದ್ದುಹೋಗುತ್ತಿವೆ. ಕೊತ್ತಂಬರಿ ಹುಟ್ಟುವುದೇ ಇಲ್ಲ. ಏನು ಮಾಡಲಿ?

ನಾಲೆ ಬಯಲು, ಮಂಡ್ಯ
6 ಸೆಪ್ಟೆಂಬರ್

ಅಕ್ಕಾ, ಕೀಳಬೇಡಿ. ದಯವಿಟ್ಟು ಕೀಳಬೇಡಿ. ಗಿಡದಲ್ಲಿ ಯಾವ ದೋಷವೂ ಇಲ್ಲ, ಬಿತ್ತಿದ ತಿಂಗಳು ಬೇರೆ ಅಷ್ಟೇ.

ಮೊದಲು ಆ ಗಂಡು ಗಿಡದ ಮಾತು. ಅವರೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಅಂತ ಇಲ್ಲ. ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಹೂ ಬಂದರೆ ಆ ಗಿಡದಲ್ಲೇ ಕಾಯಿಯೂ ಬರುತ್ತದೆ.

ಹಳೆಯ ನಾಟಿ ಅವರೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುವ ತನಕ ಹೂ ಬಿಡುವುದಿಲ್ಲ. ನಮ್ಮ ಕಡೆ ಜೂನ್‌ನಲ್ಲಿ ಹಗಲು 12 ಗಂಟೆ 50 ನಿಮಿಷದಷ್ಟು ಇರುತ್ತದೆ, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ನಮಗೆ ಒಂದೂವರೆ ಗಂಟೆಯ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ. ಸೆಪ್ಟೆಂಬರ್ 23ರ ಹೊತ್ತಿಗೆ ಹಗಲು ರಾತ್ರಿ ಸಮ ಆಗುತ್ತವೆ, ಅಲ್ಲಿಂದ ಮುಂದೆ ಅದರ ಕಾಲ. ನೀವು ಏಪ್ರಿಲ್‌ನಲ್ಲಿ ಬಿತ್ತಿದ್ದರಿಂದ ಅದಕ್ಕೆ ಇಷ್ಟು ದಿನ ಬೆಳೆಯುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ನಮ್ಮ ಅಪ್ಪ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ನಡುನಡುವೆ ಒಂದೊಂದು ಸಾಲು, ಅವರೆ ಹಾಕುತ್ತಿದ್ದರು. ಜುಲೈನಲ್ಲಿ ಬಿತ್ತಿದರೂ ಸರಿ, ಆಗಸ್ಟ್‌ನಲ್ಲಿ ಬಿತ್ತಿದರೂ ಸರಿ, ಹೂ ಬರುವುದು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆ ಒಂದೇ ನಿಂತಿರುತ್ತಿತ್ತು, ಬೆಳಗ್ಗೆ ಇಬ್ಬನಿಯಲ್ಲಿ ಹೋದರೆ ದೂರದಿಂದಲೇ ಸೊಗಡು. ವರ್ಷವಿಡೀ ಬರುವ ಅವರೆ ಬೇಕು ಅಂದರೆ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ಇವೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು. ಅವಕ್ಕೆ ಹಗಲು ರಾತ್ರಿಯ ಲೆಕ್ಕ ಇಲ್ಲ, ಯಾವಾಗ ಹಾಕಿದರೂ ಬರುತ್ತವೆ. ಗಿಡ ಗಿಡ್ಡ, ಬೇಗ ಕೊಯ್ಲು. ನಾನೂ ಬೆಳೆದಿದ್ದೇನೆ. ಒಳ್ಳೆಯ ತಳಿ, ಆದರೆ ನನ್ನ ನಾಲಿಗೆಗೆ ಆ ಹಳೆಯ ಸೊಗಡು ಅದರಲ್ಲಿ ಸಿಗಲಿಲ್ಲ. ನಿಮ್ಮ ಅತ್ತೆಯ ಬೀಜ ಹಳೆಯ ನಾಟಿಯೇ ಅಂತ ಕಾಣುತ್ತದೆ. ಕಾಯಿರಿ.

ಗೊಬ್ಬರ ಮಾತ್ರ ಈಗಲೇ ನಿಲ್ಲಿಸಿ. ಅವರೆಯ ಬೇರಿನ ಗಂಟುಗಳಲ್ಲೇ ಸಾರಜನಕ ತಯಾರಾಗುತ್ತದೆ, ಮೇಲಿಂದ ನೀವು ಹಿಂಡಿ ನೀರು ಕೊಟ್ಟರೆ ಎಲೆಯೇ ಎಲೆ. ಒಂದೆರಡು ಹಿಡಿ ಒಲೆ ಬೂದಿ ಹಾಕಿ ಸಾಕು. ಉದ್ದ ಹೋಗಿರುವ ಬಳ್ಳಿಗಳ ತುದಿ ಚಿವುಟಿ, ಪಕ್ಕದಲ್ಲಿ ಕವಲು ಒಡೆಯಲಿ.

ಹೂವಿನ ಮಡಿ, ಶ್ರೀರಂಗಪಟ್ಟಣ
7 ಸೆಪ್ಟೆಂಬರ್

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಅದಕ್ಕೆ ಒಂದು ಮಾತು ಸೇರಿಸಬೇಕು, ಯಾಕೆಂದರೆ ನಿಮ್ಮದು ಸಿಟಿ ಮನೆ.

ರಾತ್ರಿ ಆ ಬಳ್ಳಿಯ ಮೇಲೆ ಲೈಟ್ ಬೀಳುತ್ತದಾ? ಮೆಟ್ಟಿಲ ಕೋಣೆ ಅಂದಿರಿ, ಅಲ್ಲಿ ಬಲ್ಬ್ ಇದ್ದೇ ಇರುತ್ತದೆ ಅಲ್ವಾ? ಬೀದಿ ದೀಪ ಎಷ್ಟು ಎತ್ತರದಲ್ಲಿದೆ? ನಾನು ಸೇವಂತಿಗೆ ಬೆಳೆಯುವವನು. ಸೇವಂತಿಗೆಯೂ ರಾತ್ರಿ ಉದ್ದವಾದರೆ ಹೂ ಬಿಡುವ ಜಾತಿ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗಿದ್ದರೆ ನೋಡಿರುತ್ತೀರಿ, ತೋಟದ ತುಂಬ ಸಾಲಾಗಿ ಬಲ್ಬ್ ಉರಿಯುತ್ತಿರುತ್ತವೆ. ಗಿಡ ಇನ್ನಷ್ಟು ಬೆಳೆಯಲಿ, ಹೂ ತಡವಾಗಲಿ ಅಂತಲೇ ಹಾಕಿರುತ್ತಾರೆ. ನಡುರಾತ್ರಿ ಬೆಳಕು ಬಿದ್ದರೆ ಗಿಡ ಅದನ್ನು ಚಿಕ್ಕ ರಾತ್ರಿ ಅಂತಲೇ ತಿಳಿದುಕೊಳ್ಳುತ್ತದೆ. ಅವರೆಗೂ ಇದೇ ಲೆಕ್ಕ. ಅಕ್ಟೋಬರ್ ಬಂದರೂ ಬಲ್ಬ್ ಹತ್ತಿರದ ಬಳ್ಳಿ ಎಲೆಯಲ್ಲೇ ನಿಂತುಬಿಡಬಹುದು.

ಇವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಲೆ ಹೋಗಿ ನೋಡಿ. ಬಳ್ಳಿಯ ಪಕ್ಕ ನಿಂತು ನಿಮ್ಮ ಅಂಗೈ ಗೆರೆ ಕಾಣುವಷ್ಟು ಬೆಳಕಿದ್ದರೆ, ಅದು ಜಾಸ್ತಿ.

ಸೊಪ್ಪಿನ ಮಡಿ, ಹೂಟಗಳ್ಳಿ
7 ಸೆಪ್ಟೆಂಬರ್

ಅವರೆ ಬಗ್ಗೆ ತಿಳಿದವರು ಹೇಳಿದ್ದಾರೆ, ನಾನು ಉಳಿದೆರಡು ಹೇಳುತ್ತೇನೆ.

ಟೊಮೇಟೊಗೆ ಬಂದಿರುವುದು ಸಸಿ ಕೊಳೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ, ನೀರು ಜಾಸ್ತಿಯಾಗಿ ಗಾಳಿ ಆಡದಿದ್ದರೆ ಒಂದೇ ರಾತ್ರಿಯಲ್ಲಿ ಅರ್ಧ ಟ್ರೇ ಮಲಗಿರುತ್ತದೆ. ಹಳೆಯ ಕುಂಡದ ಮಣ್ಣು ಬಳಸಬೇಡಿ. ತೊಳೆದ ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ, ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಸಿಕ್ಕಿದರೆ ಒಂದು ಚಮಚ ಸೇರಿಸಿ. ಬೀಜ ಒತ್ತೊತ್ತಾಗಿ ಬೇಡ. ನೀರು ಬೆಳಗ್ಗೆ ಮಾತ್ರ, ಮೇಲಿನ ಮಣ್ಣು ಒಣಗಿದ್ದು ಕಂಡ ಮೇಲೆ. 25-30 ದಿನಕ್ಕೆ ದೊಡ್ಡ ಕುಂಡಕ್ಕೆ ನೆಡಬಹುದು, ನೆಡುವಾಗ ಕಾಂಡ ಸ್ವಲ್ಪ ಆಳಕ್ಕೆ ಹೋಗಲಿ, ಮುಚ್ಚಿದ ಭಾಗದಲ್ಲೂ ಬೇರು ಬರುತ್ತದೆ.

ಕೊತ್ತಂಬರಿ ಬೀಜ ಇಡಿಯಾಗಿ ಹಾಕುತ್ತಿದ್ದೀರಾ? ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಟೆ ಕಲ್ಲಿನ ಮೇಲೆ ಹರಡಿ ಮೆಲ್ಲಗೆ ಉಜ್ಜಿ, ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿ ನೆನೆಸಿ ಬಿತ್ತಿ ಹತ್ತು ಹನ್ನೆರಡು ದಿನ ತಾಳ್ಮೆ ಇಟ್ಟುಕೊಳ್ಳಿ. ಮೆಂತ್ಯ ನಾಲ್ಕು ದಿನಕ್ಕೆ ಬರುತ್ತದಲ್ಲ, ಅದನ್ನು ನೋಡಿ ಕೊತ್ತಂಬರಿ ಸತ್ತಿತು ಅಂದುಕೊಂಡು ಮಣ್ಣು ಕೆದಕುವವರು ಬಹಳ ಜನ.

ಹೊಸ ಕೈತೋಟ, ಮೈಸೂರು
8 ಸೆಪ್ಟೆಂಬರ್

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಚೆಂಡು ಹೂವಿನ ಬೀಜ ಈಗ ಹಾಕಿದರೆ ಆಯುಧ ಪೂಜೆಗೆ ಹೂ ಸಿಗುತ್ತದಾ?

ಹೂವಿನ ಮಡಿ, ಶ್ರೀರಂಗಪಟ್ಟಣ
8 ಸೆಪ್ಟೆಂಬರ್

ಆಗುವುದಿಲ್ಲ. ಬೀಜದಿಂದ ಹೂವಿಗೆ ಕನಿಷ್ಠ ಎರಡು ತಿಂಗಳು ಬೇಕು. ದಸರಾಕ್ಕೆ ಬೇಕಿದ್ದರೆ ಜುಲೈ ಕೊನೆಯಲ್ಲೇ ಬಿತ್ತಬೇಕಿತ್ತು. ಈಗ ಮೊಗ್ಗು ಬಂದ ಸಸಿ ತಂದುಕೊಳ್ಳಿ. ಬೀಜವನ್ನೂ ಹಾಕಿ, ಕಾರ್ತಿಕ ಮಾಸದಲ್ಲಿ ದೀಪದ ಪಕ್ಕ ಇಡಲು ಬರುತ್ತದೆ.

ತಾರಸಿ ತೋಟ, ಕುವೆಂಪುನಗರ
8 ಸೆಪ್ಟೆಂಬರ್

ಎಲ್ಲರಿಗೂ ತುಂಬ ಧನ್ಯವಾದ. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದೆ. ಮೆಟ್ಟಿಲ ಕೋಣೆಯ ಹೊರಗೆ ನಾವೇ ಹಾಕಿಸಿದ ಎಲ್‌ಇಡಿ ಬಲ್ಬ್ ಬೆಳಗಿನ ತನಕ ಉರಿಯುತ್ತದೆ, ಒಂದು ಡ್ರಮ್ ಸರಿಯಾಗಿ ಅದರ ಕೆಳಗೇ ಇದೆ. ಉಳಿದೆರಡು ಟ್ಯಾಂಕಿನ ಹಿಂದೆ, ಅಲ್ಲಿ ಕತ್ತಲೆ. ಕಳ್ಳರ ಭಯಕ್ಕೆ ಹಾಕಿಸಿದ್ದು, ಮನೆಯವರನ್ನು ಒಪ್ಪಿಸಬೇಕು. ಮಾತಾಡುತ್ತೇನೆ. ಗೊಬ್ಬರ ಇವತ್ತಿನಿಂದಲೇ ಬಂದ್.

ತಾರಸಿ ತೋಟ, ಕುವೆಂಪುನಗರ
29 ಅಕ್ಟೋಬರ್

ಹೂ ಬಂತು! ಟ್ಯಾಂಕಿನ ಹಿಂದಿನ ನಾಲ್ಕೂ ಗಿಡದಲ್ಲಿ ಬಿಳಿ ಹೂವಿನ ಗೊಂಚಲು. ಬಲ್ಬ್ ಕೆಳಗಿನ ಎರಡರಲ್ಲಿ ಇನ್ನೂ ಎಲೆ ಮಾತ್ರ. ಇದನ್ನು ಮನೆಯವರಿಗೆ ತೋರಿಸಿದ ಮೇಲೆ ಅವರೇ ಹೋಗಿ ಬಲ್ಬ್ ಆರಿಸಿದರು.

ಈಗ ಹೂವಿನ ತುದಿಯಲ್ಲಿ ಕಪ್ಪು ಹೇನು ಮುತ್ತಿಕೊಂಡಿದೆ, ಇರುವೆಯೂ ಓಡಾಡುತ್ತಿದೆ. ಔಷಧಿ ಹೊಡೆಯಲು ಮನಸ್ಸಿಲ್ಲ.

ನಾಲೆ ಬಯಲು, ಮಂಡ್ಯ
29 ಅಕ್ಟೋಬರ್

ಬಹಳ ಸಂತೋಷ ಆಯಿತು ಅಕ್ಕ. ಹೇನಿಗೆ ಬರೀ ನೀರನ್ನು ಜೋರಾಗಿ ಹಾಯಿಸಿ, ಮುಕ್ಕಾಲು ಭಾಗ ಉದುರುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿ. ಬೆಳಗ್ಗೆ ಜೇನು ಬರುತ್ತದೆ, ಆಗ ಬೇಡ. ಗುಲಗಂಜಿ ಹುಳು ಕಂಡರೆ ಏನೂ ಹೊಡೆಯಬೇಡಿ, ಅದು ಹೇನು ತಿಂದು ಬದುಕುವ ಹುಳು. ಇರುವೆ ಹೇನಿನ ಸಿಹಿ ನೀರಿಗೆ ಬರುತ್ತದೆ, ಹೇನು ಹೋದರೆ ಅದೂ ಹೋಗುತ್ತದೆ.

ಮುದ್ದೆ ಮನೆ, ಮದ್ದೂರು
30 ಅಕ್ಟೋಬರ್

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಹೂ ಬಂದಿದ್ದು ಕೇಳಿ ಬರೆಯಬೇಕು ಅನಿಸಿತು. ಈಗಲೇ ಒಂದು ಕುಂಡಕ್ಕೆ ಸಬ್ಬಸಿಗೆ ಬೀಜ ಹಾಕಿ, ತಿಂಗಳು ಕಳೆದು ಒಂದು ವಾರಕ್ಕೆ ಸೊಪ್ಪು ಸಿಗುತ್ತದೆ. ಅವರೆಯ ಮೊದಲ ಕೊಯ್ಲು ಕಮ್ಮಿ ಇರುತ್ತದೆ, ಒಂದು ಹಿಡಿ ಕಾಳು ಬೇಯಿಸಿ ಸಬ್ಬಸಿಗೆ ಜೊತೆ ಅಕ್ಕಿ ರೊಟ್ಟಿಗೆ ಹಾಕಿ.

ಕಾಳು ಎರಡು ಲೋಟ ಆದ ದಿನ ಹಿತಿಕಿದ ಬೇಳೆ ಸಾರು. ರಾತ್ರಿ ಕಾಳು ನೀರಿಗೆ ಹಾಕಿ ಬೆಳಗ್ಗೆ ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಬರುತ್ತದೆ, ಮಕ್ಕಳಿದ್ದರೆ ಕೂರಿಸಿಕೊಳ್ಳಿ, ಕೆಲಸ ಬೇಗ ಆಗುತ್ತದೆ. ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಚೂರು ಶುಂಠಿ ಎಣ್ಣೆಯಲ್ಲಿ ಬಾಡಿಸಿ. ಎರಡು ಚಮಚ ಧನಿಯ, ಆರು ಬ್ಯಾಡಗಿ ಮೆಣಸಿನಕಾಯಿ, ಎರಡು ಲವಂಗ, ಸಣ್ಣ ಚೂರು ಚಕ್ಕೆ, ಒಂದು ಚಮಚ ಗಸಗಸೆ ಹುರಿದು, ಅರ್ಧ ಬಟ್ಟಲು ಕಾಯಿತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ಎಲ್ಲ ನುಣ್ಣಗೆ ರುಬ್ಬಿ. ಒಗ್ಗರಣೆಯಲ್ಲಿ ಈರುಳ್ಳಿ, ಟೊಮೇಟೊ, ಆಮೇಲೆ ಬೇಳೆ, ಮಸಾಲೆ, ನೀರು, ಉಪ್ಪು. ಕುಕ್ಕರ್ ಬೇಡವೇ ಬೇಡ, ಬೇಳೆ ಕರಗಿ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಸಣ್ಣ ಉರಿ. ಜೊತೆಗೆ ಬಿಸಿ ಮುದ್ದೆ.

ಎಲ್ಲವನ್ನೂ ತಿಂದುಬಿಡಬೇಡಿ. ಒಳ್ಳೆಯ ಕಾಯಿಗಳಿಗೆ ದಾರ ಕಟ್ಟಿ ಗುರುತು ಮಾಡಿ ಬಳ್ಳಿಯಲ್ಲೇ ಒಣಗಲು ಬಿಡಿ.

ತಾರಸಿ ತೋಟ, ಕುವೆಂಪುನಗರ
2 ಫೆಬ್ರವರಿ

ತಡವಾಗಿ ಬರೆಯುತ್ತಿದ್ದೇನೆ. ಬಲ್ಬ್ ಆರಿಸಿದ ಮೂರು ವಾರಕ್ಕೆ ಆ ಎರಡು ಗಿಡದಲ್ಲೂ ಮೊಗ್ಗು ಬಂತು. ಸಂಕ್ರಾಂತಿಗೆ ಅಂಗಡಿಯಿಂದ ಗೆಣಸು, ಕಡಲೆಕಾಯಿ ತಂದೆವು, ಅವರೆಕಾಯಿ ಮಾತ್ರ ನಮ್ಮ ತಾರಸಿಯದ್ದು. ಹಿತಿಕಿದ ಬೇಳೆ ಸಾರು ಮೂರು ಸಲ ಮಾಡಿದೆ. ಮೊದಲ ದಿನ ಮನೆಯವರು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಅಮ್ಮನ ಸಾರಿನ ವಾಸನೆ" ಅಂದರು.

ದಾರ ಕಟ್ಟಿದ ಕಾಯಿಗಳು ಒಣಗಿವೆ. ನಿನ್ನೆ ಬಿಡಿಸಿ ಎಣಿಸಿದೆ, 143 ಬೀಜ. ಕಂದು ಬಣ್ಣ, ಪಕ್ಕದಲ್ಲಿ ಬಿಳಿ ಗೆರೆ, ಅತ್ತೆಯ ಬಾಟಲಿಯಲ್ಲಿ ಇದ್ದ ಹಾಗೆಯೇ. ಬೀಜ ಕೆಡದಂತೆ ಎತ್ತಿಡಲು ಬೂದಿ ಹಾಕಲಾ, ಕೆಮ್ಮಣ್ಣು ಕಟ್ಟಲಾ?

ನಾಲೆ ಬಯಲು, ಮಂಡ್ಯ
2 ಫೆಬ್ರವರಿ

ಕೆಮ್ಮಣ್ಣು ಮೂಟೆಗಟ್ಟಲೆ ಇಡುವವರಿಗೆ. ನಿಮಗೆ ಬೂದಿಯೇ ಸರಿ. ಮೂರು ದಿನ ಬಿಸಿಲು ಕಾಯಿಸಿ, ಪೂರ್ತಿ ಆರಿದ ಮೇಲೆ ಬೂದಿ ಬೆರೆಸಿ ಮುಚ್ಚಳ ಬಿಗಿ ಮಾಡಿ. ಮೇಲೆ ವರ್ಷ ಬರೆದಿಡಿ, ಎರಡು ವರ್ಷದೊಳಗೆ ಮತ್ತೆ ಬಿತ್ತಿ. ಎಲ್ಲ ಒಂದೇ ಬಾಟಲಿಯಲ್ಲಿ ಇಡಬೇಡಿ, ಒಂದು ಪಾಲು ಬೇರೆ ಮನೆಯಲ್ಲಿ ಇರಲಿ.

ನನಗೆ ಇಪ್ಪತ್ತು ಬೀಜ ಕೊಡುತ್ತೀರಾ ಅಕ್ಕ? ಜುಲೈನಲ್ಲಿ ರಾಗಿ ಜೊತೆ ಅಕ್ಕಡಿ ಹಾಕುತ್ತೇನೆ.

ತಾರಸಿ ತೋಟ, ಕುವೆಂಪುನಗರ
3 ಫೆಬ್ರವರಿ

ಐವತ್ತು ತೆಗೆದಿಟ್ಟಿದ್ದೇನೆ. ಪಾಂಡವಪುರಕ್ಕೆ ಹೋಗುವಾಗ ಮಂಡ್ಯಕ್ಕೂ ಬಂದು ಕೊಟ್ಟು ಹೋಗುತ್ತೇವೆ.