ಮಳೆಗೂ ಗುಡಿಗೂ ಕಾಡಿಗೂ ಒಂದೇ ಕ್ಯಾಮೆರಾ ಚೀಲ ಸಾಕೇ? ಬಳಸಿ ಬಲ್ಲವರ ಅನುಭವಗಳು

ಪ್ರಶ್ನೆ (ಚಿಕ್ಕಮಗಳೂರಿನಿಂದ)

ನನ್ನ ಬಳಿ ಒಂದು ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಕಿಟ್ ಲೆನ್ಸ್, ಜೂಮ್ ಇಲ್ಲದ 50 ಎಂ.ಎಂ. ಪ್ರೈಮ್ ಲೆನ್ಸ್, ದೂರದ್ದನ್ನು ತೆಗೆಯಲು ಈಚೆಗೆ ಕೊಂಡ 150–600 ಟೆಲಿ ಲೆನ್ಸ್ ಮತ್ತು ಒಂದು ಟ್ರೈಪಾಡ್ ಇವೆ. ಬೈಕಿನಲ್ಲಿ ಮುಳ್ಳಯ್ಯನಗಿರಿಗೆ, ಬಸ್ಸಿನಲ್ಲಿ ಬೇಲೂರು–ಹಳೇಬೀಡಿಗೆ, ಆಗೊಮ್ಮೆ ಈಗೊಮ್ಮೆ ಭದ್ರಾ ಸಫಾರಿಗೆ ಹೋಗುತ್ತಿರುತ್ತೇನೆ. ಇವೆಲ್ಲಕ್ಕೂ ಒಂದೇ ಚೀಲ ಸಾಕೇ, ಎಂಥದ್ದನ್ನು ಆರಿಸಬೇಕು, ಒಳಗೆ ಹೇಗೆ ಜೋಡಿಸಿಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಮೂಡಿಗೆರೆ ಕಡೆಯಿಂದ)

ಅಂಗಡಿಗೆ ಹೋಗುವ ಮೊದಲು ಕ್ಯಾಮೆರಾಕ್ಕೆ 150–600 ಲೆನ್ಸನ್ನು ತೊಡಿಸಿ, ಲೆನ್ಸಿನ ತುದಿಯ ಹುಡ್ಡನ್ನು (ಅಡ್ಡ ಬೆಳಕಿಗೆ ಮರೆಯಾಗುವ ಕೊಳವೆಯನ್ನು) ಹಿಂದುಮುಂದಾಗಿ ತಿರುಗಿಸಿ ಹಾಕಿ, ತುದಿಯಿಂದ ತುದಿಗೆ ಅಳೆದುಕೊಳ್ಳಿ. ಅದು ಒಂದು ಅಡಿಯನ್ನು ಮೀರುತ್ತದೆ. ಚೀಲದ ಚೀಟಿಯ ಮೇಲೆ ಎದ್ದು ಕಾಣುವಂತೆ ಅಚ್ಚಾಗಿರುವುದು ಸಾಮಾನ್ಯವಾಗಿ ಹೊರಗಿನ ಅಳತೆ. ನಮಗೆ ಬೇಕಾದದ್ದು ಎರಡೂ ಬದಿಯ ಸ್ಪಂಜು ಕಳೆದು ಉಳಿಯುವ ಒಳ ಅಳತೆ.

ನಮ್ಮ ಕಡೆ ಓಡಾಡುವವರು ಎಷ್ಟು ಲೆನ್ಸ್ ಹಿಡಿಸುತ್ತದೆ ಎಂದು ವಿಚಾರಿಸುವುದಕ್ಕಿಂತ ಮೊದಲು ಚೀಲ ಯಾವ ಕಡೆಯಿಂದ ತೆರೆದುಕೊಳ್ಳುತ್ತದೆ ಎಂದು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಮೈಯಲ್ಲಿ ಜಿಪ್ ಇರುವ ಚೀಲವನ್ನು ತೆರೆಯಬೇಕಾದರೆ ಬೆನ್ನಿಗೆ ತಾಗುವ ಬದಿಯನ್ನು ನೆಲಕ್ಕೆ ಮಾಡಿ ಮಲಗಿಸಬೇಕಾಗುತ್ತದೆ. ಮಳೆಗಾಲದ ತೋಟದಲ್ಲಿ ಹಾಗೆ ಇಟ್ಟರೆ ಹೆಗಲ ಪಟ್ಟಿಗಳು ಕೆಸರನ್ನೆಲ್ಲ ಹೀರಿಕೊಳ್ಳುತ್ತವೆ, ದರಗಿನಲ್ಲಿ ತಲೆಯೆತ್ತಿ ನಿಂತ ಇಂಬಳಗಳು ಸೊಂಟದ ಪಟ್ಟಿಯ ಮಡಿಕೆಯೊಳಗೆ ಸೇರಿಕೊಳ್ಳುತ್ತವೆ, ಮತ್ತೆ ಹೆಗಲಿಗೇರಿಸಿದಾಗ ಅವೆರಡೂ ನೇರವಾಗಿ ನಮ್ಮ ಬೆನ್ನಿಗೆ ಬರುತ್ತವೆ. ಬೆನ್ನಿನ ಬದಿಯಿಂದಲೇ ತೆರೆಯುವ ಚೀಲದಲ್ಲಿ ಈ ಕಾಟವಿಲ್ಲ. ನೆಲಕ್ಕೆ ತಾಗುವುದು ಹೊರಮೈ ಮಾತ್ರ. ಬಸ್ಸಿನ ನೂಕುನುಗ್ಗಲಿನಲ್ಲಿ ಹಿಂದಿನವರ ಕೈಗೆ ಜಿಪ್ ಸಿಗುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಚೀಲದ ಜೊತೆಗೆ ಬರುವ ಮಳೆಹೊದಿಕೆಯನ್ನು ಪೂರ್ತಿ ನಂಬಬೇಡಿ. ಗದ್ದೆಯ ಕೆಲಸದಲ್ಲಿ ಹೊದೆಯುವ ಗೊರಬು ಹೇಗೆ ಒಂದು ಬದಿಯನ್ನಷ್ಟೇ ಕಾಯುತ್ತದೆಯೋ ಹಾಗೆಯೇ ಇದು ಕೂಡ ಹೊರಮೈಯನ್ನು ಮಾತ್ರ ಮುಚ್ಚುತ್ತದೆ. ಬೈಕಿನಲ್ಲಿ ಹೋಗುವಾಗ ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಬದಿಯ ಸ್ಪಂಜಿಗೆ ಸೇರುತ್ತದೆ, ಹೊದಿಕೆಯ ತಳದಲ್ಲಿ ತೂತಿಲ್ಲದಿದ್ದರೆ ಅಲ್ಲಿಯೇ ನೀರು ನಿಂತು ಚೀಲದ ಬುಡ ನೆನೆಯುತ್ತದೆ. ಆದ್ದರಿಂದ ಕ್ಯಾಮೆರಾವನ್ನೂ ಲೆನ್ಸುಗಳನ್ನೂ ಒಳಗೇ ಇನ್ನೊಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಇಡುವುದು ಕ್ಷೇಮ. ಮಳೆಕೋಟು ದೊಡ್ಡದಿದ್ದರೆ ಚೀಲದ ಮೇಲಿಂದಲೇ ತೊಟ್ಟುಬಿಡಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಚೀಲವನ್ನು ಇಡಬೇಡಿ. ಘಾಟಿ ರಸ್ತೆಯ ಕುಲುಕಾಟಕ್ಕೆ ಲೆನ್ಸಿನ ಸಣ್ಣ ಸ್ಕ್ರೂಗಳು ಸಡಿಲಾಗುತ್ತವೆ. ಅದು ಬೆನ್ನ ಮೇಲಿದ್ದರೆ ಆ ಅದುರನ್ನು ನಮ್ಮ ಮೈಯೇ ತಡೆದುಕೊಳ್ಳುತ್ತದೆ.

ಇನ್ನು ಜೋಡಣೆ. ಕ್ಯಾಮೆರಾವನ್ನು ಟೆಲಿ ಲೆನ್ಸ್ ತೊಡಿಸಿದ ಹಾಗೆಯೇ ಚೀಲದ ನಡುಭಾಗದಲ್ಲಿ, ಬೆನ್ನಿಗೆ ಹತ್ತಿರವಾಗಿ ಇಡಿ. ಆ ಲೆನ್ಸ್ ಒಂದೇ ಸುಮಾರು 2 ಕೆ.ಜಿ. ತೂಗುತ್ತದೆ, ಅದು ಬೆನ್ನಿನಿಂದ ದೂರವಿದ್ದಷ್ಟೂ ಚೀಲ ನಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಮಿಕ್ಕ ಲೆನ್ಸುಗಳನ್ನು ಅವುಗಳ ಹಿಂಬದಿಯ ಮುಚ್ಚಳ ಮೇಲ್ಗಡೆಗೆ ಬರುವಂತೆ ನಿಲ್ಲಿಸಿದರೆ ಎತ್ತಿದ ಕೂಡಲೇ ತೊಡಿಸಲು ಸಲೀಸು. ಚಾರ್ಜ್ ಆದ ಬ್ಯಾಟರಿಗಳು ಬಲಕ್ಕೆ, ಖಾಲಿಯಾದವು ಎಡಕ್ಕೆ ಎಂಬಂತಹ ಒಂದು ಕಟ್ಟುಪಾಡು ಮಾಡಿಕೊಂಡು ಅದನ್ನು ಎಂದೂ ಬದಲಿಸಬೇಡಿ. ಮುಂಜಾನೆಯ ಕತ್ತಲಲ್ಲಿ ಕೈಯೇ ಹುಡುಕಿಕೊಳ್ಳಬೇಕು. ತುಂಬಿದ ಮೆಮೊರಿ ಕಾರ್ಡನ್ನು ಮಗುಚಿ ಇಡುವುದು ಹಲವರ ರೂಢಿ, ಒಳ್ಳೆಯ ರೂಢಿ. ನೀರಿನ ಬಾಟಲಿಯ ಜಾಗ ಹೊರಗಿನ ಜೇಬು ಮಾತ್ರ. ಟ್ರೈಪಾಡನ್ನು ಒಂದು ಬದಿಗೆ ಕಟ್ಟುವುದಾದರೆ ಬಾಟಲಿ ಇನ್ನೊಂದು ಬದಿಗಿರಲಿ.

ಮುಳ್ಳಯ್ಯನಗಿರಿಯ ವಿಚಾರವಾಗಿ ಎರಡು ಮಾತು. 1,930 ಮೀಟರ್ ಎತ್ತರದ ಆ ತುದಿಯಲ್ಲಿ ಗಾಳಿ ಜೋರು. ಟ್ರೈಪಾಡಿನ ನಡುಗಂಬದ ಕೊಕ್ಕೆಗೆ ಚೀಲವನ್ನು ತೂಗುಹಾಕಿದರೆ ಅದು ಗಾಳಿಗೆ ಓಲಾಡಿ ಚಿತ್ರವನ್ನೇ ಅಲುಗಿಸುತ್ತದೆ. ಚೀಲದ ತಳ ನೆಲಕ್ಕೆ ತಾಗುವಂತೆ ಕಟ್ಟಬೇಕು. ಅಲ್ಲಿಂದ ಇಳಿದು ಬೆಚ್ಚನೆಯ ಹೋಟೆಲಿಗೆ ಕಾಫಿಗೆಂದು ಹೊಕ್ಕಾಗ, ತೆಗೆದ ಚಿತ್ರ ನೋಡುವ ಆತುರಕ್ಕೆ ಚೀಲವನ್ನು ತೆರೆಯಬೇಡಿ. ತಣ್ಣಗಿರುವ ಗಾಜಿಗೆ ಒಳಗಿನ ಬಿಸಿ ತೇವದ ಗಾಳಿ ಸೋಕಿದೊಡನೆ ಹನಿಗಟ್ಟುತ್ತದೆ. ಅರ್ಧ ಗಂಟೆ ಜಿಪ್ ಮುಚ್ಚಿಯೇ ಇದ್ದರೆ ಚೀಲದೊಳಗಿನ ವಸ್ತುಗಳು ನಿಧಾನವಾಗಿ ಬೆಚ್ಚಗಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಚೀಲ ಸಾಗಿಸಲಿಕ್ಕೆ ಮಾತ್ರ, ಇಡಲಿಕ್ಕಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದ ಸ್ಪಂಜು ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಆ ಕತ್ತಲಿನಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಕೇಸ್ ಇದ್ದರಂತೂ ಇನ್ನೂ ಬೇಗ. ಮನೆಗೆ ಬಂದ ಕೂಡಲೇ ಎಲ್ಲವನ್ನೂ ಹೊರತೆಗೆದು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಗೂ ತೇವಮಾಪಕದೊಂದಿಗೆ ಇಡಿ. ಮಾಪಕದ ಮುಳ್ಳು ಶೇ. 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಕಿತ್ತಳೆ ಬಣ್ಣದ ಹರಳುಗಳನ್ನು ಕೊಳ್ಳಿ. ತೇವ ಹೀರಿ ಹಸಿರಾದ ಮೇಲೆ ಕಾಯಿಸಿದರೆ ಅವು ಮತ್ತೆ ಉಪಯೋಗಕ್ಕೆ ಬರುತ್ತವೆ. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಅವನ್ನು ಅಡುಗೆಯ ಬಾಣಲೆಯಲ್ಲಿ ಹುರಿಯುವಂತಿಲ್ಲ. ಒದ್ದೆ ಚೀಲವನ್ನು ಬಚ್ಚಲ ಒಲೆಯ ಮೇಲೆ ಒಣಗಿಸುವವರೂ ನಮ್ಮಲ್ಲಿದ್ದಾರೆ. ಹೊಗೆಯ ಮಸಿ ಒಮ್ಮೆ ಸ್ಪಂಜಿಗೆ ಹತ್ತಿದರೆ ಅದು ಲೆನ್ಸಿಗೂ ಹತ್ತುತ್ತದೆ. ಫ್ಯಾನಿನ ಕೆಳಗೆ ಬಿಡಿಸಿ ಹಾಕಿದರೆ ಸಾಕು.

ಉತ್ತರ (ಹಾಸನದಿಂದ)

ಮೂಡಿಗೆರೆಯವರು ಹೇಳಿದ್ದು ಗುಡ್ಡಕ್ಕೂ ತೋಟಕ್ಕೂ ಒಪ್ಪುವ ಮಾತು. ಗುಡಿಗಳ ಮಟ್ಟಿಗೆ ನನ್ನ ಅಭಿಪ್ರಾಯ ಬೇರೆ. ಹಳೇಬೀಡಿನ ಹೊರಗೋಡೆಯ ಆನೆಗಳ ಸಾಲಿನಿಂದ ಮೇಲಿನ ದೊಡ್ಡ ಶಿಲ್ಪಗಳವರೆಗೆ ನೋಡುತ್ತ, ಮೂಲೆಗೊಂದು ತಿರುವಿನಂತೆ ಸುತ್ತುವಾಗ ನಿಂತಲ್ಲೇ ಲೆನ್ಸ್ ಬದಲಿಸಬೇಕಾಗುತ್ತದೆ. ಬೆನ್ನಿನ ಬದಿಯಿಂದ ತೆರೆಯುವ ಚೀಲವನ್ನು ಪ್ರತಿ ಸಲ ಇಳಿಸಿ ಏರಿಸುವಷ್ಟರಲ್ಲಿ ಬೆಳಕು ಸರಿದಿರುತ್ತದೆ. ಅಲ್ಲಿಗೆ ಒಂದು ಹೆಗಲಿನ ಸಣ್ಣ ಚೀಲವೇ ಸರಿ.

ಬೇಲೂರಿನಲ್ಲಿ ಇನ್ನೊಂದು ಕಾರಣವೂ ಇದೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಆ ಗುಡಿಯ ನವರಂಗದಲ್ಲಿ ಬೆಳಕು ಕಡಿಮೆ, ಜನ ಹೆಚ್ಚು. ಉಬ್ಬಿದ ಬೆನ್ನುಚೀಲ ಹೊತ್ತು ತಿರುಗಿದರೆ ಅದರ ಬಕಲುಗಳು ಕಡೆದ ಕಂಬಗಳಿಗೆ ಉಜ್ಜುತ್ತವೆ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಬರುವವರ ಗಮನವೂ ಹೆಚ್ಚಾಗಿದೆ, ಆದ್ದರಿಂದ ಚೀಲ ಎದೆಯ ಮುಂದೆ ಇರುವುದು ಮರ್ಯಾದೆ. ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲವಾದ್ದರಿಂದ ಅದನ್ನೂ ಟೆಲಿ ಲೆನ್ಸನ್ನೂ ಮನೆಯಲ್ಲೇ ಬಿಡಿ. ಆ ಮಬ್ಬಿನಲ್ಲಿ ತಮ್ಮ 50 ಎಂ.ಎಂ. ಪ್ರೈಮ್ ಲೆನ್ಸೇ ಕೆಲಸಕ್ಕೆ ಬರುವುದು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಹೋಗುವುದಾದರೂ ಇದೇ ಮಾತು: ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಚಪ್ಪಲಿಯಿಲ್ಲದೆ ಹತ್ತುವಾಗ ಒಂದೊಂದು ಕಿಲೋ ಭಾರವೂ ಲೆಕ್ಕಕ್ಕೆ ಬರುತ್ತದೆ.

ಎರಡು ಚೀಲ ಕೊಳ್ಳುವ ಖರ್ಚು ಬೇಡವೆಂದರೆ, ಸ್ಪಂಜಿನ ಒಳಪೆಟ್ಟಿಗೆಯನ್ನು ಇಡಿಯಾಗಿ ಹೊರತೆಗೆಯಲು ಬರುವಂಥ ಚೀಲವನ್ನೇ ಆರಿಸಿ. ಬೇಲೂರಿಗೆ ಹೋಗುವ ದಿನ ಕ್ಯಾಮೆರಾ ಮತ್ತು ಎರಡು ಸಣ್ಣ ಲೆನ್ಸುಗಳಿಗೆ ಸಾಲುವ ಇನ್ನೊಂದು ಪುಟ್ಟ ಒಳಪೆಟ್ಟಿಗೆಯನ್ನು ಮಾಮೂಲಿ ಹೆಗಲುಚೀಲದಲ್ಲಿ ಇಟ್ಟುಕೊಂಡರಾಯಿತು. ಪುಟ್ಟ ಒಳಪೆಟ್ಟಿಗೆಗೆ ಹೆಚ್ಚು ಬೆಲೆಯಿಲ್ಲ, ಅದರಲ್ಲಿ ಕ್ಯಾಮೆರಾ ಇದೆ ಎಂದು ಬಸ್ಸಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಉತ್ತರ (ತರೀಕೆರೆಯಿಂದ)

ಲಕ್ಕವಳ್ಳಿಯಿಂದ ಹೊರಡುವ ಭದ್ರಾ ಸಫಾರಿಯ ಬಗ್ಗೆ ಮಾತ್ರ ಹೇಳುತ್ತೇನೆ. ಜೀಪಿನಲ್ಲಿ ಟ್ರೈಪಾಡಿಗೆ ಜಾಗವಿಲ್ಲ. ಖಾಲಿ ಬೀನ್ ಬ್ಯಾಗ್ ಒಯ್ದು, ಅಲ್ಲಿಯೇ ಅಕ್ಕಿ ತುಂಬಿಸಿಕೊಂಡು ಲೆನ್ಸಿಗೆ ಆಸರೆ ಮಾಡಿಕೊಳ್ಳಿ. ಚೀಲ ಎರಡು ಕಾಲುಗಳ ನಡುವೆ ನೆಟ್ಟಗೆ ನಿಲ್ಲಬೇಕು ಮತ್ತು ಮೇಲಿನಿಂದಲೂ ತೆರೆಯುವಂತಿರಬೇಕು, ಇಲ್ಲವಾದರೆ ಪ್ರಾಣಿ ಕಂಡಾಗ ಕ್ಯಾಮೆರಾ ಕೈಗೆ ಬರುವುದಿಲ್ಲ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡು ಮಾಡುವ ರಿವರ್ ಟರ್ನ್ ಹಕ್ಕಿಗಳನ್ನು ದೋಣಿಯಿಂದ ತೆಗೆಯುವವರು ಚೀಲವನ್ನು ದೋಣಿಯ ತಳದಲ್ಲಿ ಇಡದೆ ತೊಡೆಯ ಮೇಲಿಟ್ಟುಕೊಳ್ಳಬೇಕು. ಕೆಳಗೆ ಸದಾ ಒಂದಿಷ್ಟು ನೀರು ಇದ್ದೇ ಇರುತ್ತದೆ.

ಮರುಪ್ರಶ್ನೆ (ಚಿಕ್ಕಮಗಳೂರಿನಿಂದ)

ಎಲ್ಲರಿಗೂ ಧನ್ಯವಾದಗಳು. ಪರಿಚಯದವರೊಬ್ಬರ ಬಳಿ ಬೆನ್ನಿನ ಬದಿಯಿಂದ ತೆರೆಯುವ ಹಳೆಯ ಚೀಲವೊಂದು ಅರ್ಧ ಬೆಲೆಗೆ ಸಿಗುವಂತಿದೆ. ಏನನ್ನು ಪರೀಕ್ಷಿಸಬೇಕು?

ಉತ್ತರ (ಮೂಡಿಗೆರೆ ಕಡೆಯಿಂದ)

ಮೊದಲು ಒಳಗೆ ಮೂಗಿಟ್ಟು ನೋಡಿ. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಬಳಿಕ ಬಟ್ಟೆಯ ಒಳಮೈಯನ್ನು ಬೆರಳಿನಿಂದ ಉಜ್ಜಿ. ನೀರು ತಡೆಯಲೆಂದು ಬಳಿದ ಪಾಲಿಯುರೆಥೇನ್ ಲೇಪ ಮಲೆನಾಡಿನ ತೇವಕ್ಕೆ ಕೆಲವು ವರ್ಷಗಳಲ್ಲಿ ಜಿಗುಟಾಗಿ, ಪುಡಿಪುಡಿಯಾಗಿ ಉದುರತೊಡಗುತ್ತದೆ, ಆ ಪುಡಿ ಲೆನ್ಸಿನ ಸಂದುಗಳನ್ನು ಸೇರುತ್ತದೆ. ಜಿಪ್ಪನ್ನು ಮೂಲೆಗಳಲ್ಲಿ ಎಳೆದು ನೋಡಿ, ಏಕೆಂದರೆ ಅದು ಬಿಟ್ಟುಕೊಳ್ಳುವುದು ಅಲ್ಲಿಯೇ. ಅಡ್ಡಗೋಡೆಗಳ ವೆಲ್ಕ್ರೋ ಸ್ವಲ್ಪ ಸಡಿಲವಿದ್ದರೆ ಚಿಂತೆಯಿಲ್ಲ, ಹೊಸ ಪಟ್ಟಿಯನ್ನು ಹೊಲಿಸಬಹುದು. ಹೆಗಲ ಪಟ್ಟಿ ಚೀಲಕ್ಕೆ ಸೇರುವ ಕಡೆಯ ಹೊಲಿಗೆ ಬಿಟ್ಟಿದ್ದರೆ ಮಾತ್ರ ಒಳ್ಳೆಯ ಚಪ್ಪಲಿ ರಿಪೇರಿಯವರಿಂದ ದಪ್ಪ ನೈಲಾನ್ ದಾರದಲ್ಲಿ ಹೊಲಿಸಿಕೊಂಡ ಮೇಲೆಯೇ ಆ 2 ಕೆ.ಜಿ. ಲೆನ್ಸನ್ನು ಒಳಗಿಡಿ.