ಫಿಸ್ಟುಲಾ ಆಪರೇಷನ್ ಜೊತೆ ಸ್ಟೆಮ್ ಸೆಲ್ ಇಂಜೆಕ್ಷನ್, ನಿಜವಾಗ್ಲೂ ಉಪಯೋಗ ಇದ್ಯಾ?

ಪ್ರಶ್ನೆ:
ನನ್ನ ತಮ್ಮಂಗೆ ಕ್ರೋನ್ಸ್ ಕಾಯಿಲೆ (ಕರುಳಲ್ಲಿ ಪದೇಪದೇ ಉರಿಯೂತ ಆಗೋದು) ಇದೆ, ಅದ್ರಿಂದ ಗುದದ ಪಕ್ಕ ಫಿಸ್ಟುಲಾ, ಅಂದ್ರೆ ಗುದನಾಳದ ಒಳಗಿಂದ ಹೊರಗಿನ ಚರ್ಮದವರೆಗೆ ಸುರಂಗದ ತರ ತೂತು, ಆಗಿ ಈಗ ಕೀವು ಹರಿದು ಹೋಗ್ಲಿ ಅಂತ ಅದ್ರೊಳಗೆ ಸೀಟನ್ ಅನ್ನೋ ದಾರ ಹಾಕಿದಾರೆ, ಕೀವು ಕಮ್ಮಿ ಆಗಿದೆ ಆದ್ರೆ ಪೂರ್ತಿ ನಿಂತಿಲ್ಲ. ಸೀಳಿಬಿಟ್ರೆ ಮಲ ತಡೆಯೋ ಸ್ನಾಯುಗೆ ಪೆಟ್ಟಾಗತ್ತೆ ಅಂತಾರೆ ಡಾಕ್ಟ್ರು. ಕೊಬ್ಬಿಂದ ತೆಗೆದ ಸ್ಟೆಮ್ ಸೆಲ್ ಚುಚ್ಚಿದ್ರೆ ವಾಸಿ ಆಗತ್ತೆ ಅಂತ ಓದಿದೆ. ಇದು ಆಪರೇಷನ್ ಬದಲಿಗಾ ಅಥವಾ ಜೊತೆಗಾ? ಗೊತ್ತಿರೋರು ದಯವಿಟ್ಟು ಹೇಳಿ, ಅವನ ಒದ್ದಾಟ ನೋಡೋಕಾಗ್ತಿಲ್ಲ.

ಉತ್ತರ 1:
ಜೊತೆಗೇ. ಸೀಟನ್ ತೆಗೆದು, ಸುರಂಗದ ಒಳಗೋಡೆ ಕೆರೆದು ಕ್ಲೀನ್ ಮಾಡಿ, ಒಳಗಡೆ ಬಾಯಿ ಹೊಲಿದು ಮುಚ್ಚಿದ ಮೇಲೆ ಸೆಲ್ಸ್‌ನ ಅರ್ಧ ಹೊಲಿಗೆ ಸುತ್ತ, ಇನ್ನರ್ಧ ಸುರಂಗದ ಗೋಡೆ ಉದ್ದಕ್ಕೂ ಚುಚ್ತಾರೆ. ಆ ಸೆಲ್ಸೇ ಬೆಳೆದು ತೂತು ತುಂಬತ್ತೆ ಅಂತಲ್ಲ, ಅವು ಬಿಡೋ ಅಂಶಗಳು ಉರಿಯೂತ ಇಳಿಸಿ ಗಾಯ ಮಾಯೋಕೆ ದಾರಿ ಮಾಡಬೇಕು ಅನ್ನೋದು ಲೆಕ್ಕ. ದಾನಿಗಳ ಕೊಬ್ಬಿಂದ ಬೆಳೆಸಿದ 12 ಕೋಟಿ ಸೆಲ್ಸ್ ಇರೋ ಅಲೋಫಿಸೆಲ್ ಅನ್ನೋ ಔಷಧಿಗೆ 2018ರಲ್ಲಿ ಯುರೋಪಲ್ಲಿ ಒಪ್ಪಿಗೆನೂ ಸಿಕ್ಕಿತ್ತು. 212 ಜನರ ಟ್ರಯಲ್‌ನಲ್ಲಿ 24 ವಾರಕ್ಕೆ ಸುಮಾರು 50% ಜನಕ್ಕೆ ವಾಸಿ, ಸೆಲ್ಸ್ ಇಲ್ದೇ ಇದ್ದೋರಲ್ಲಿ 34%.

ಉತ್ತರ 2:
ಮೇಲಿನವರು ಹೇಳಿದ್ದು ಸರಿನೇ, ಆದ್ರೆ ಕಥೆ ಅಲ್ಲಿಗೇ ಮುಗೀಲಿಲ್ಲ. ಆಮೇಲೆ ಅದೇ ಔಷಧಿದು 568 ಜನರ ಮೇಲೆ ಇನ್ನೊಂದು ಟ್ರಯಲ್ ಆಯ್ತು, 2023ರಲ್ಲಿ ರಿಸಲ್ಟ್ ಬಂತು, ಸೆಲ್ಸ್ ಹಾಕಿದೋರಲ್ಲಿ 48.8% ಜನಕ್ಕೆ ವಾಸಿ, ಹಾಕ್ದೇ ಇದ್ದೋರಲ್ಲಿ 46.3%, ಅಂದ್ರೆ ಹೇಳ್ಕೊಳೋ ವ್ಯತ್ಯಾಸನೇ ಇಲ್ಲ. 2024ರ ಕೊನೆಗೆ ಕಂಪನಿನೇ ಆ ಔಷಧಿನ ಯುರೋಪ್ ಮಾರ್ಕೆಟ್‌ನಿಂದ ವಾಪಸ್ ತಗೊಂಡ್ತು. ಇಲ್ಲಿ ಗಮನಿಸಬೇಕಾದ್ದು ಆ 46.3%. ಅವರಿಗೆ ಸೆಲ್ಸ್ ಬೀಳ್ಲಿಲ್ಲ ಆದ್ರೆ ಕೆರೆದು ಹೊಲಿಯೋ ಕೆಲಸ ಅಷ್ಟೇ ಅಚ್ಚುಕಟ್ಟಾಗಿ ಆಗಿತ್ತು, ಸುಮಾರು ಅರ್ಧ ಜನ ಅದ್ರಲ್ಲೇ ಸುಧಾರಿಸಿದ್ರು. ನನ್ನ ಪ್ರಕಾರ ಸೆಲ್ಸ್‌ಗಿಂತ ಸರ್ಜನ್ ಕೈ ಮುಖ್ಯ.

ಪ್ರಶ್ನೆ ಕೇಳಿದವರು:
ಅಯ್ಯೋ, ಹಾಗಾದ್ರೆ ಆಸೆ ಬಿಡ್ಬೇಕಾ?

ಉತ್ತರ 2:
ಬಿಡ್ಬೇಡಿ ಸರ್. ಅವನದೇ ಕೊಬ್ಬು ತೆಗೆದು ಚುಚ್ಚೋ ವಿಧಾನದ ಮೇಲೆ ಸಂಶೋಧನೆ ನಡೀತಾನೇ ಇದೆ. ಆದ್ರೆ ದುಡ್ಡು ಕಟ್ಟಿದ್ರೆ ಗ್ಯಾರಂಟಿ ವಾಸಿ ಅನ್ನೋ ಕ್ಲಿನಿಕ್ ಹತ್ರ ಮಾತ್ರ ಹೋಗ್ಬೇಡಿ, ರಿಜಿಸ್ಟರ್ ಆಗಿರೋ ಟ್ರಯಲ್ಲಾ ಅಂತ ಮೊದ್ಲು ಕೇಳಿ. ಅದಕ್ಕೂ ಮುಂಚೆ ಎಂಆರ್‌ಐ ಮಾಡ್ಸಿ ಒಳಗೆ ಕೀವು ನಿಂತಿದ್ಯಾ, ಗುದನಾಳದಲ್ಲಿ ಉರಿಯೂತ ಇದ್ಯಾ ನೋಡ್ಲಿ. ಅದು ಇದ್ರೆ ಯಾವ ಹೊಲಿಗೆನೂ ನಿಲ್ಲೋದು ಕಷ್ಟ. ಇನ್‌ಫ್ಲಿಕ್ಸಿಮ್ಯಾಬ್ ತರದ ಔಷಧಿಲಿ ಕ್ರೋನ್ಸ್ ಹತೋಟಿಗೆ ಬಂದ್ಮೇಲೆ ಲಿಫ್ಟ್ (ಸ್ನಾಯುಗಳ ನಡುವೆ ಸುರಂಗನ ಕಟ್ಟಿ ಕತ್ತರಿಸೋದು) ಅಥವಾ ಫ್ಲಾಪ್ (ಪಕ್ಕದ ಒಳಪದರ ಎಳೆದು ಒಳಬಾಯಿ ಮುಚ್ಚೋದು) ಆಪರೇಷನ್ ಆಗತ್ತಾ ಅಂತ ಸರ್ಜನ್ ಹತ್ರ ಕೇಳಿ, ಎರಡ್ರಲ್ಲೂ ಸ್ನಾಯು ಸೀಳೋದಿಲ್ಲ.