ಭಾವ ನೀರು ಕಮ್ಮಿ ಮಾಡೋದು ಮಾತ್ರ ಬೇಡ

ಪುಟ್ಟಿ, ನಿನ್ನ ಮೆಸೇಜ್ ಬೆಳಗ್ಗೆನೇ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ತಿದೀನಿ. ಪುರುಸೊತ್ತಾದಾಗ ಕೇಳು, ಭಾವನಿಗೂ, ಅಂದ್ರೆ ನಿನ್ನ ಅಪ್ಪನಿಗೂ, ಕೇಳಿಸು. ಅವರಿಗೆ ಮೂತ್ರಕೋಶ ತೆಗೆದ ಆಪರೇಷನ್ ಆಗಿ 4 ತಿಂಗಳಾಯ್ತು, ಈಗ ಒಂದು ರಾತ್ರಿ ರೈಲು, ಆಮೇಲೆ 3 ಗಂಟೆ ವಿಮಾನ, 10 ದಿನ ಹೊರಗಡೆ ವಾಸ. "ನಾನು ಬರಲ್ಲ, ಬಂದ್ರೂ ದಾರೀಲಿ ನೀರು ಮುಟ್ಟಲ್ಲ" ಅಂತ ಅಪ್ಪ ಹಟ ಹಿಡಿದಿದಾರೆ, ಏನ್ ಮಾಡ್ಲಿ ಅಂತ ಕೇಳಿದೀಯ. ಹೊಟ್ಟೆ ಮೇಲೆ ಅಂಟಿಸೋ ಮೂತ್ರದ ಬ್ಯಾಗ್ ಎಷ್ಟು ತಗೊಂಡು ಹೋಗ್ಬೇಕು ಅಂತಾನೂ ಕೇಳಿದೀಯ. ಮೊದ್ಲು ನೀರಿನ ವಿಷಯ ಹೇಳ್ತೀನಿ, ನನಗೆ ಹೆದರಿಕೆ ಇರೋದು ಅದರದ್ದೇ.

ನನಗಾಗಿರೋದೂ ಅದೇ ಆಪರೇಷನ್, 6 ವರ್ಷ ಆಯ್ತು. ಮೂತ್ರಕೋಶ ತೆಗೆದು, ಸಣ್ಣ ಕರುಳಿನ ಕೊನೆ ಕಡೆಯಿಂದ ಒಂದು ಗೇಣಿನಷ್ಟು ತುಂಡು ತಗೊಂಡು, ಎರಡೂ ಕಿಡ್ನಿ ನಾಳಾನ ಅದಕ್ಕೆ ಸೇರಿಸಿ, ಅದರ ಬಾಯಿನ ಹೊಟ್ಟೆ ಮೇಲೆ ತಂದಿಡ್ತಾರೆ, ಆ ಬಾಯಿಗೇ ಸ್ಟೋಮಾ ಅನ್ನೋದು. ಕೂಡಿಡೋಕೆ ಜಾಗ ಇಲ್ಲ, ತಡೆಯೋಕೆ ಸ್ನಾಯು ಇಲ್ಲ. ಕಿಡ್ನಿಯಿಂದ ಇಳಿದಿದ್ದು ಇಳಿದ ಹಾಗೇ ಬ್ಯಾಗಿಗೆ ಬರುತ್ತೆ. ನೀರು ಬಿಟ್ರೂ ಅದು ನಿಲ್ಲಲ್ಲ, ಬರೋದು ಗಟ್ಟಿಯಾಗುತ್ತೆ ಅಷ್ಟೆ. ಕರುಳಿನ ತುಂಡು ಲೋಳೆ ಬಿಡ್ತಾನೇ ಇರುತ್ತಲ್ಲ, ನೀರಿದ್ರೆ ಅದು ತೊಳ್ಕೊಂಡು ಹೋಗುತ್ತೆ, ಇಲ್ದಿದ್ರೆ ದಪ್ಪಗಾಗಿ ಕಟ್ಟಿಕೊಳ್ಳುತ್ತೆ. ಸೋಂಕು, ಕಲ್ಲು ಎಲ್ಲಕ್ಕೂ ಅದೇ ದಾರಿ.

ನಾನು ಮೊದಲನೇ ಸಲ ಬಸ್ಸಲ್ಲಿ ದೂರ ಹೋದಾಗ ಇದೇ ತಪ್ಪು ಮಾಡ್ದೆ. ಬ್ಯಾಗ್ ತುಂಬಿಬಿಟ್ರೆ ಅನ್ನೋ ಭಯಕ್ಕೆ ಇಡೀ ದಿನ ಎರಡೇ ಲೋಟ ನೀರು. ಮಾರನೇ ರಾತ್ರಿ ಚಳಿಜ್ವರ, ಪಕ್ಕೆಯಲ್ಲಿ ಕಿತ್ತು ಬರೋ ನೋವು. ಸೇರಿಸಿದ ಆಸ್ಪತ್ರೆಲಿ ಮೂರು ದಿನದಿಂದ ಹಾಕ್ಕೊಂಡಿದ್ದ ಬ್ಯಾಗಿಂದಾನೇ ಮೂತ್ರ ಹಿಡಿದು ಟೆಸ್ಟಿಗೆ ಕಳಿಸಿದ್ರು. ಹಳೇ ಬ್ಯಾಗಲ್ಲಿ ಬ್ಯಾಕ್ಟೀರಿಯಾ ಹೇಗಿದ್ರೂ ಬೆಳೆದಿರುತ್ತೆ, ರಿಪೋರ್ಟ್ ಕೆಲಸಕ್ಕೆ ಬರಲಿಲ್ಲ, ಎರಡನೇ ಸಲ ಕಳಿಸ್ಬೇಕಾಯ್ತು. ಇದನ್ನ ನೀನು ನೆನಪಿಟ್ಕೋ ಪುಟ್ಟಿ: ಸ್ಯಾಂಪಲ್ ಕೇಳಿದ್ರೆ ಸ್ಟೋಮಾ ಒಳಗೆ ಕ್ಯಾತಿಟರ್, ಅಂದ್ರೆ ಸಣ್ಣ ನಳಿಕೆ, ಹಾಕಿ ತೆಗೀರಿ ಅನ್ನು. ಆಗಲ್ಲ ಅಂದ್ರೆ ಹೊಸ ಬ್ಯಾಗ್ ಹಾಕಿಸಿ, ಅದರಲ್ಲಿ ಮೊದಲು ಬಿದ್ದಿದ್ದು ಕೊಡು. ಗೊತ್ತಿಲ್ಲದ ಊರಲ್ಲಿ ಇದನ್ನ ನಾವೇ ಬಾಯ್ಬಿಟ್ಟು ಹೇಳ್ಬೇಕು.

ಹಾಗಾಗಿ ಡಾಕ್ಟ್ರು ನೀರಿಗೆ ಮಿತಿ ಹಾಕಿಲ್ಲ ಅಂದ್ರೆ ದಿನಕ್ಕೆ 2ರಿಂದ 2.5 ಲೀಟರ್ ಕುಡೀಲೇಬೇಕು, ಪ್ರಯಾಣದ ದಿನಾನೂ. ಸ್ವಲ್ಪಸ್ವಲ್ಪವಾಗಿ ಕುಡೀಲಿ. ಬ್ಯಾಗ್ ಮೂರನೇ ಒಂದು ಪಾಲು ತುಂಬಿದ ಕೂಡ್ಲೇ ಖಾಲಿ ಮಾಡ್ಲಿ, ಭಾರ ಆದ್ರೇನೇ ಅಂಟು ಜಗ್ಗಿ ಸೋರೋದು. ವಿಮಾನ ಹತ್ತೋ ಮುಂಚೆ ಒಂದ್ಸಲ, ಇಳಿಯೋಕೆ ಬೆಲ್ಟ್ ಹಾಕಿ ಅನ್ನೋ ಮುಂಚೆ ಒಂದ್ಸಲ. ಸೀಟು ನಡೆಯೋ ದಾರಿ ಪಕ್ಕದ್ದೇ ಇರಲಿ, ಬೆಲ್ಟ್ ಸ್ಟೋಮಾ ಮೇಲೆ ಹಾಯದೆ ಕೆಳಗೆ ಸೊಂಟಕ್ಕೆ ಬರ್ಲಿ. ವಿಮಾನದಲ್ಲಿ ಬ್ಯಾಗ್ ಉಬ್ಬಿ ಒಡೆಯುತ್ತಾ ಅಂತ ಭಾವ ಕೇಳಿದ್ರಂತಲ್ಲ, ನಮ್ಮದರಲ್ಲಿ ತುಂಬೋದು ನೀರು, ಗಾಳಿ ಅಲ್ಲ. ಆ ಚಿಂತೆ ಬಿಡೋಕೆ ಹೇಳು.

ಈಗ ಲೆಕ್ಕ. ಅವರು ಮೂರು ದಿನಕ್ಕೊಂದು ಬದಲಾಯಿಸ್ತಾರೆ ಅಂದ್ರೆ 10 ದಿನಕ್ಕೆ 4 ಬೇಕು. ಅದರ ಎರಡರಷ್ಟು 8, ದಾರಿಗೆ ಅಂತ ಇನ್ನೆರಡು, ಒಟ್ಟು 10. ಒಂದನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕ್ಬೇಡ. ನನ್ನ ಸೂಟ್‌ಕೇಸ್ ಒಂದ್ಸಲ ಎರಡು ದಿನ ತಡವಾಗಿ ಬಂತು, ಆವತ್ತು ಕೈಚೀಲದಲ್ಲಿದ್ದ ಎರಡು ಬ್ಯಾಗೇ ನನ್ನ ಮಾನ ಕಾಪಾಡಿದ್ದು. ಅರ್ಧ ಅವರ ಕೈಚೀಲದಲ್ಲಿ, ಅರ್ಧ ನಿನ್ನ ಕೈಚೀಲದಲ್ಲಿ ಇರಲಿ. ಸ್ಟೋಮಾ ಕೂರೋಕೆ ಬ್ಯಾಗಿನ ಅಂಟಲ್ಲಿ ಮಾಡೋ ತೂತನ್ನ ಮನೇಲೇ ಕತ್ತರಿಸಿ ಇಟ್ಕೊಳ್ಳಿ, ಚೆಕಿಂಗಲ್ಲಿ ಕತ್ತರಿ ತಕರಾರೇ ಬೇಡ. ಮೊದಲ 6–8 ವಾರ ಸ್ಟೋಮಾ ಕುಗ್ತಾ ಇರುತ್ತೆ, ಈಗ ಅಳತೆ ನಿಂತಿರ್ಬೇಕು. ಆದ್ರೂ ಕತ್ತರಿಸೋ ಮುಂಚೆ ಇನ್ನೊಂದ್ಸಲ ಅಳೀರಿ. ಸ್ಟೋಮಾ ಸುತ್ತ 2–3 ಮಿಲಿಮೀಟರ್ ಬಿಟ್ರೆ ಸಾಕು, ಜಾಸ್ತಿ ಬಿಟ್ರೆ ಮೂತ್ರ ತಾಗಿ ಚರ್ಮ ಕಿತ್ತುಬರುತ್ತೆ. ಮತ್ತೆ, ಬಿಸಿಲಲ್ಲಿ ನಿಲ್ಲಿಸಿರೋ ಕಾರಲ್ಲಿ ಬ್ಯಾಗ್ ಬಿಡ್ಬೇಡಿ, ಅಂಟು ಕರಗಿಹೋಗುತ್ತೆ.

ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಳ್ಳಿ. ಚೆಕಿಂಗಲ್ಲಿ ಅವರಾಗಿ ಮುಟ್ಟೋ ಮುಂಚೆ "ಹೊಟ್ಟೆ ಮೇಲೆ ಬ್ಯಾಗ್ ಇದೆ" ಅಂತ ಮೆಲ್ಲಗೆ ಹೇಳಿ ಚೀಟಿ ತೋರಿಸ್ಲಿ. ಜನರ ಮುಂದೆ ಸಂಕೋಚ ಅನ್ನಿಸಿದ್ರೆ ಒಳಗೆ ರೂಮಲ್ಲಿ ನೋಡಿ ಅಂತ ಕೇಳಬಹುದು.

ಹೊರಡೋ ಬೆಳಗ್ಗೆ ಹೊಸದು ಹಾಕ್ಬೇಡಿ, ಹಿಂದಿನ ದಿನಾನೇ ಹಾಕಿ. ಸರಿಯಾಗಿ ಕೂತಿಲ್ಲ ಅಂದ್ರೆ ಮನೇಲಿದ್ದಾಗಲೇ ಗೊತ್ತಾಗುತ್ತೆ. ಆಮೇಲಿನ ಬದಲಾವಣೆಗಳು ಬೆಳಗ್ಗೆ ಎದ್ದು ಏನೂ ಕುಡಿಯೋ ಮುಂಚೆ, ಆಗ ಹರಿಯೋದು ಕಮ್ಮಿ. ಗಾಜ್ ಬಟ್ಟೆ ಸುರುಳಿ ಮಾಡಿ ಸ್ಟೋಮಾ ಬಾಯಿ ಮೇಲೆ ಇಟ್ಕೊಂಡ್ರೆ ಸುತ್ತ ಚರ್ಮ ಒರೆಸೋಕೆ ಆಗುತ್ತೆ. ಕ್ರೀಮು, ಎಣ್ಣೆ ಇರೋ ವೈಪ್ಸ್ ಬೇಡ, ಅದರ ಮೇಲೆ ಅಂಟು ಹಿಡಿಯಲ್ಲ. ಬರೀ ನೀರು ಸಾಕು. ಅಂಟಿಸಿದ ಮೇಲೆ ಅಂಗೈ ಬಿಸಿ ತಾಗೋ ಹಾಗೆ ಒಂದು ನಿಮಿಷ ಒತ್ತಿ ಹಿಡೀಲಿ.

ರಾತ್ರಿ ರೈಲಿಗೆ 2 ಲೀಟರಿನ ನೈಟ್ ಬ್ಯಾಗ್ ಬೇಕೇ ಬೇಕು, ಜೊತೆಗೆ ಅದನ್ನ ಸೇರಿಸೋ ಪುಟ್ಟ ಕನೆಕ್ಟರ್. ಅದನ್ನ ನಾನೇ ಒಂದ್ಸಲ ಮರೆತು ರಾತ್ರಿಯಿಡೀ ಎರಡೆರಡು ಗಂಟೆಗೆ ಎದ್ದಿದೀನಿ, ಎರಡು ಇಟ್ಕೊಳ್ಳಿ. ಕೆಳಗಿನ ಬರ್ತ್ ತಗೊಳ್ಳಿ, ನೈಟ್ ಬ್ಯಾಗ್ ಮಲಗಿರೋ ಮಟ್ಟಕ್ಕಿಂತ ಕೆಳಗೇ ಇರಬೇಕು. ಹೊಟ್ಟೆ ಮೇಲಿನ ಬ್ಯಾಗಲ್ಲಿ ಸ್ವಲ್ಪ ಮೂತ್ರ ಉಳಿಸಿ ಟ್ಯೂಬ್ ಸೇರಿಸ್ಲಿ, ಪೂರ್ತಿ ಖಾಲಿ ಇದ್ರೆ ಬ್ಯಾಗ್ ಒಳಗೇ ಅಂಟಿಕೊಂಡು ಇಳಿಯಲ್ಲ.

ಒರೆಸುವಾಗ ಒಂದೆರಡು ಹನಿ ರಕ್ತ ಬಂದ್ರೆ ಗಾಬರಿ ಬೇಡ. ಆದ್ರೆ ಸ್ಟೋಮಾ ಕಪ್ಪಾದ್ರೆ, ಎರಡು ಗಂಟೆ ಕಾದ್ರೂ ಬ್ಯಾಗಿಗೆ ಏನೂ ಬೀಳದಿದ್ರೆ, ಚಳಿಜ್ವರ ಬಂದ್ರೆ, ಯಾವೂರಲ್ಲಿದ್ರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಭಾವ, ನೀವು ಕೇಳಿಸ್ಕೊಳ್ತಿದ್ರೆ ಒಂದು ಮಾತು. ಪಕ್ಕದಲ್ಲಿ ಕೂತೋರಿಗೆ ವಾಸನೆ ಬರುತ್ತೇನೋ ಅಂತ ನಾನು ಒಂದು ವರ್ಷ ಎಲ್ಲೂ ಹೋಗ್ಲಿಲ್ಲ. ಬ್ಯಾಗ್ ಸರಿಯಾಗಿ ಕೂತಿದ್ರೆ, ಕೆಳಗಿನ ನಲ್ಲಿ ಮುಚ್ಚಿದ್ರೆ ವಾಸನೆ ಬರಲ್ಲ ಭಾವ. ಆ ಒಂದು ವರ್ಷ ನೆನೆಸ್ಕೊಂಡ್ರೆ ನನಗೆ ಈಗ್ಲೂ ಸಂಕಟ ಆಗುತ್ತೆ.

ಪುಟ್ಟಿ, ಇವತ್ತು ಸಂಜೆ ಡಬ್ಬ ತೆಗೆದು ಎಷ್ಟು ಬ್ಯಾಗ್ ಉಳಿದಿದೆ ಅಂತ ಎಣಿಸಿ ಹೇಳು. ಕಮ್ಮಿ ಇದ್ರೆ ಈಗ್ಲೇ ತರಿಸ್ಬೇಕು.